ನೇಕಾರ ಕಾಕಾನ ಗುಳಿಗೆ, ನನ್ನ ಕತ್ತಿ

ಬೆಟಗೇರಿಯಲ್ಲಿ ಅಪ್ಪನ ಕಾಲದಿಂದಲೂ ನಮ್ಮದು ಕ್ಷೌರದಂಗಡಿ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಕತ್ತಿ ಹಿಡಿದವನು ನಾನು. ನನ್ನ ಕೈಯಲ್ಲಿ ಯಾರ ಗಲ್ಲವೂ ಕೊಯ್ದಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಗದಗ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ರವಿವಾರ ನನ್ನ ಮೊದಲ ಗಿರಾಕಿ ಪಕ್ಕದ ಓಣಿಯ ನೇಕಾರ ಕಾಕಾ. ಅಂಗಿಗೆ ನೂಲಿನ ಎಳೆ ಅಂಟಿಸಿಕೊಂಡೇ ಬರುತ್ತಿದ್ದರು. ಎದೆಯ ಬಡಿತ ಏರುಪೇರಾಗಿ, ಡಾಕ್ಟರು ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟಿದ್ದು ನನಗೂ ಗೊತ್ತಿತ್ತು.

ಒಂದು ರವಿವಾರ ಅವರ ಗಲ್ಲಕ್ಕೆ ಸಾಬೂನು ಹಚ್ಚಿ, ಚರ್ಮದ ಪಟ್ಟಿಗೆ ಕತ್ತಿ ತೀಡುತ್ತಿದ್ದೆ. ಅವರ ಹೆಂಡತಿ ಕಾಕು ಬಂದು ಬಾಗಿಲಲ್ಲಿ ನಿಂತರು.

“ನೋಡಪಾ, ಶನಿವಾರ ರವಿವಾರ ಇವರು ಗುಳಿಗಿ ಮುಟ್ಟಂಗಿಲ್ಲ. ದಾಡಿ ಮಾಡೂ ಮುಂದ ಗಾಯಾದ್ರ ರಕ್ತ ನಿಲ್ಲಂಗಿಲ್ಲಂತ. ಗುಳಿಗಿ ಬಿಟ್ರ ಎದ್ಯಾಗ ರಕ್ತ ಹೆಪ್ಪುಗಟ್ಟಿ, ತಲಿಗೇರಿ ಲಕ್ವಾ ಹೊಡೀತೈತಿ ಅಂದಾರ ಡಾಕ್ಟರು.”

ನನಗೆ ಸಿಟ್ಟು ಬಂತು. “ಕಾಕಾ, ನನ್ನ ಕೈ ಮ್ಯಾಲೆ ಇಷ್ಟ ಏನ್ರಿ ನಂಬಿಕಿ?”

“ನಿನ್ನ ಕೈ ಮ್ಯಾಲೆ ಐತ್ಲೇ. ನನ್ನ ಸುಕ್ಕಿನ ಮ್ಯಾಲೆ ಇಲ್ಲ. ಈ ಕುರ್ಚ್ಯಾಗ ರಕ್ತ ಸುರಿದ್ರ ಮಂದಿ ಯಾರ ಹೆಸರು ಹೇಳ್ತಾರ?”

“ಮಷೀನಿಲೆ ಮಾಡಿಸ್ಕೋರಿ ಅಂದಾರ ಡಾಕ್ಟರು,” ಎಂದರು ಕಾಕು. “ನಿನ್ನ ಮುಂದ ಹೇಳಾಕ ಇವರಿಗೆ ಬಾಯೇ ಬರವಲ್ದು.”

ಹೇಗೆ ಬಂದೀತು? ಮಷೀನು ಇರುವುದು ಕುರಿಯ ಉಣ್ಣೆ ಕತ್ತರಿಸಲಿಕ್ಕೆ ಎಂದು ಊರಿಗೆಲ್ಲ ಸಾರಿದವನು ನಾನೇ. ಹುಬ್ಬಳ್ಳಿಯ ನನ್ನ ಅಳಿಯ ತಂದುಕೊಟ್ಟ ಮಷೀನು ಅಂಗಡಿಯಲ್ಲಿ ಡಬ್ಬಿಯಲ್ಲೇ ಕೂತಿತ್ತು. ನನ್ನ ಹೆಸರು ಉಳಿಸಲು ಕಾಕಾ ಮಗ್ಗದಲ್ಲಿ ಲಾಳಿ ಎಸೆಯುವ ತಮ್ಮ ಕೈಯನ್ನೇ ಲಕ್ವಾಕ್ಕೆ ಕೊಡಲು ಹೊರಟಿದ್ದರು.

ಕತ್ತಿ ಮಡಚಿದೆ. ಸಾಬೂನು ಒರೆಸಿ, ನೀರಿನ ಲೋಟ ಅವರ ಕೈಗಿಟ್ಟೆ. “ಮೊದ್ಲ ನುಂಗ್ರಿ. ಆಮ್ಯಾಲೆ ದಾಡಿ.”

ಕಾಕು ಸೆರಗಿನ ಗಂಟು ಬಿಚ್ಚಿ ಗುಳಿಗೆ ಕೊಟ್ಟರು. ಡಬ್ಬಿ ತೆಗೆದು ಮಷೀನು ಹಚ್ಚಿದೆ. ಅದು ಗುರ್ ಎಂದಿತು. ಕಾಕಾ ಕನ್ನಡಿಯಲ್ಲಿ ನನ್ನನ್ನೇ ನೋಡಿ, “ಹೆದರಬ್ಯಾಡಲೇ, ಈ ಕುರಿ ಒದಿಯಂಗಿಲ್ಲ,” ಎಂದರು. ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. ದಾಡಿ ನುಣ್ಣಗಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮುಂದೆ ಎಷ್ಟೋ ವರ್ಷ ಅವರು ಕುರ್ಚಿ ಹತ್ತುವ ಮೊದಲು ನಾಲಗೆ ಹೊರಚಾಚಿ, “ನುಂಗೇನಿ, ನೋಡ್ಕೋ,” ಎನ್ನುತ್ತಿದ್ದರು. ಲಕ್ವಾ ಹೊಡೆಯಲಿಲ್ಲ. ಕೈ ಆಡುವವರೆಗೂ ಮಗ್ಗಕ್ಕೆ ಕೂತರು. ಈಗ ಕಾಕಾ ಇಲ್ಲ. ಆದರೂ ರವಿವಾರ ಮೊದಲ ಗಿರಾಕಿ ಬಂದು ಕುಳಿತರೆ ನನ್ನ ಕಣ್ಣು ಮೊದಲು ಆ ಗಿರಾಕಿಯ ಬಾಯಿಯ ಕಡೆಗೇ ಹೋಗುತ್ತದೆ.