ಶುದ್ಧ ನೀರಿನ ಸೀಸೆಯಲ್ಲಿ ಮೊಟ್ಟೆ

2014ನೆಯ ಇಸವಿ ಜುಲೈ ಹದಿನೆಂಟು, ಶುಕ್ರವಾರ. ಅಡಿಲೇಡಿನಲ್ಲಿ ನಡುಚಳಿಗಾಲ, ಬೆಳಗಿನಿಂದ ಬಿಡದ ತುಂತುರು. ಮೈಸೂರಿನ ಅನಂತಪದ್ಮನಾಭರು ಬ್ಲೇರ್ ಅಥಾಲ್‌ನ ಮನೆಯಿಂದ ಕಿಲ್ಬರ್ನ್‌ನ ಪ್ರಯೋಗಶಾಲೆಗೆ ಕಾರು ನಡೆಸುತ್ತಲೇ ಬಿಳಿ ಐಸಿಂಗ್ ಬಳಿದ ಕೇಕು ತಿನ್ನುತ್ತಿದ್ದರು. ಅದು ಪತ್ನಿ ರಂಜನಿಯವರ ಕೈಕೆಲಸ. ಮೊಟ್ಟೆಯಿಲ್ಲದ ಕೇಕೆಂದರೆ ಆಕೆಯದೇ ಎಂದು ಊರಿನ ಕನ್ನಡಿಗರೆಲ್ಲರೂ, ಏಕಾದಶಿ ಮಾಡುವವರೂ ಸೇರಿ, ನಂಬಿದ್ದರು.

ಅನಂತಪದ್ಮನಾಭರ ಉದ್ಯೋಗ ವಿಷ ಪತ್ತೆಹಚ್ಚುವ ಪುಟ್ಟ ಪೆಟ್ಟಿಗೆಯೊಂದರ ಆರೈಕೆ. ಜೀವಕೋಶದೊಳಗೆ ಸರಕು ಹೊರುವ ಮೋಟಾರ್ ಪ್ರೋಟೀನುಗಳನ್ನು ಅದರಲ್ಲಿ ಕೂರಿಸಲಾಗಿತ್ತು. ನೀರಿನಲ್ಲಿ ವಿಷವಿದ್ದರೆ ಅವು ಅದನ್ನು ಹೊತ್ತೊಯ್ದು ಒಂದೆಡೆ ಸೇರಿಸುತ್ತವೆ. ಅಲ್ಲಿ ಬೆಳಕು ಮಿನುಗುತ್ತದೆ. ಆ ಮಿನುಗು ದೂರದ ಪರದೆಯಲ್ಲಿ ಕಾಣುತ್ತದೆ. ಪರೀಕ್ಷೆಗೆ ನಿಜವಾದ ವಿಷ ಬಳಸುವಂತಿಲ್ಲವಾದ್ದರಿಂದ, ಅದರ ಬದಲು ಮೊಟ್ಟೆಯ ಬಿಳಿಯನ್ನು ಹಿಡಿಯುವಂತೆ ಪೆಟ್ಟಿಗೆಯನ್ನು ಸಿದ್ಧಪಡಿಸಿದ್ದರು.

ಅಡಿಲೇಡಿನ ಹತ್ತು ಗಂಟೆಗೆ, ಅಂದರೆ ಪರ್ತ್‌ನ ಎಂಟೂವರೆಗೆ, ಯೋಜನೆಗೆ ಹಣ ಕೊಡುತ್ತಿದ್ದ ಅಲ್ಲಿನ ಸಮಿತಿ ಪರದೆಯ ಮುಂದೆ ಕುಳಿತಿತು. ಮೊದಲ ಸರದಿ ಶುದ್ಧ ನೀರಿನದು. ಅನಂತಪದ್ಮನಾಭರು ಗವಸು ತೊಡಲಿಲ್ಲ, ಕೈ ತೊಳೆಯಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿದ್ದೇ ಮಡಿಯೆಂದು ಭಾವಿಸಿ, ನೀರು ಹೀರುವ ನಳಿಕೆಯ ತುದಿ ಹಿಡಿದರು. ಶುದ್ಧ ನೀರಿಗೇ ಪೆಟ್ಟಿಗೆ ಮಿನುಗಿತು.

ಯೋಜನೆಯ ಮುಖ್ಯಸ್ಥ ಉಮಾಕಾಂತರು ಬ್ರಿಸ್ಬೇನಿನಿಂದ ಫೋನಾಯಿಸಿದರು.

“ಏನಯ್ಯಾ ಅನಂತು, ಬೆಳಗ್ಗೆ ಆಮ್ಲೆಟ್ ಹೊಡೆದ್ಯಾ?”

“ಸಾರ್! ನಮ್ಮನೇಲಿ ಮೊಟ್ಟೆ ಹೊಸಿಲೇ ದಾಟಿಲ್ಲ!”

“ಹಾಗಾದ್ರೆ ಮಿಷನ್ನೇ ಸುಳ್ಳು ಹೇಳ್ತಿದೆ ಅನ್ನು. ಸೋಮವಾರದೊಳಗೆ ಕಾರಣ ಕೊಡು. ಇಲ್ದಿದ್ರೆ ಪರ್ತ್‌ನವರು ಬಾಗಿಲು ಹಾಕ್ತಾರೆ. ನಿನ್ನ ಕೆಲಸಾನೂ ಅಷ್ಟೇ.”

ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು.

“ರಂಜು, ಆ ಬಿಳಿ ಐಸಿಂಗ್‌ಗೆ ಏನ್ ಹಾಕ್ದೆ?”

“ಸಕ್ಕರೆಪುಡಿ, ನಿಂಬೆರಸ, ಒಂಚೂರು ಎಗ್‌ವೈಟು.”

“ಎಗ್‌ಲೆಸ್ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿದ್ದೀಯಲ್ಲೇ!”

“ಕೇಕ್ ಎಗ್‌ಲೆಸ್ಸೇ ಕಣ್ರೀ. ಐಸಿಂಗ್ ಬಗ್ಗೆ ಯಾರಾದ್ರೂ ಕೇಳಿದ್ರಾ? ಏಕಾದಶಿ ಮಾಡೋ ಸುಭದ್ರಾ ಆಂಟೀನೇ ಎರಡೆರಡು ಸಲ ಹಾಕಿಸ್ಕೊಂಡು ತಿಂದಿದ್ದಾರೆ. ನೀವು ಬಾಯಿಬಿಟ್ರೆ ಇಡೀ ಕನ್ನಡ ಸಂಘ ನಮ್ಮನ್ನ ಹೊರಗಿಡತ್ತೆ, ನೋಡ್ಕೊಳ್ಳಿ.”

ಐಸಿಂಗಿನ ವಿಷಯ ಒಂದು ಸಾಲು ಬರೆದಿದ್ದರೆ ಪೆಟ್ಟಿಗೆ ಗೆಲ್ಲುತ್ತಿತ್ತು, ಉದ್ಯೋಗವೂ ಉಳಿಯುತ್ತಿತ್ತು. ಶನಿವಾರ, ಭಾನುವಾರ ಯೋಚಿಸಿದ ಆ ವಿಜ್ಞಾನದ ಪದವೀಧರರು, ಜುಲೈ ಇಪ್ಪತ್ತೊಂದರಂದು ವರದಿಯಲ್ಲಿ ಬರೆದದ್ದು ಇಷ್ಟು: “ಕಾರಣ ತಿಳಿದುಬಂದಿಲ್ಲ. ಉಪಕರಣದ ದೋಷವಿರಬಹುದು.” ಐದು ವರ್ಷಗಳಲ್ಲಿ ಪೆಟ್ಟಿಗೆ ಅಷ್ಟು ನಿಖರವಾಗಿ ನಿಜ ನುಡಿದದ್ದು ಆ ಶುಕ್ರವಾರ ಒಂದೇ ದಿನ.

ಆಗಸ್ಟ್ ಇಪ್ಪತ್ತೊಂಬತ್ತರಂದು ಸಮಿತಿಯು ಯೋಜನೆಯನ್ನು ಮುಚ್ಚಿತು. ಸೆಪ್ಟೆಂಬರ್ ಮೂವತ್ತಕ್ಕೆ ಅನಂತಪದ್ಮನಾಭರ ಕೆಲಸ ಹೋಯಿತು. ಆ ದೀಪಾವಳಿಗೆ ರಂಜನಿಯವರು ಸಂಘದವರಿಗೆ ಹದಿನಾಲ್ಕು ಕೇಕು ಮಾಡಿಕೊಟ್ಟರು. 2015ರ ಫೆಬ್ರವರಿ ಎರಡರಂದು, ಸೋಮವಾರ, ಅನಂತಪದ್ಮನಾಭರು ಬ್ರಿಸ್ಬೇನಿನ ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದರು.