ಕರದಂಟು ತಿಂದು ಮುರಿದ ಆಣೆ

‘ನಮ್ಮ ಮನಿ ಹುಡಗಿ ಹತ್ತನೇ ಕ್ಲಾಸ ಪಾಸಾದ್ರ ನನ್ನ ಗೌರವ್ವ ಅಂತ ಕರೀಬ್ಯಾಡ್ರಿ!’ ಎಂದು ಶಾಲೆಯ ಅಂಗಳದಲ್ಲಿ ನಿಂತು ಅಂದವಳು ಮಂಜುಳಾಳ ಅಜ್ಜಿ. ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.

ಆಗ ನಾನು ಹುನಗುಂದದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಆಪ್ತ ಸಮಾಲೋಚಕಿ. ಸೇರಿ ಎರಡನೇ ವರ್ಷ. ಇಳಕಲ್ಲಿನ ನೇಕಾರರ ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವಳು ನಾನು. ಎಲ್ಲ ಗೊತ್ತು ಎಂಬ ಸೊಕ್ಕೂ ಒಂದಿಷ್ಟು ಇತ್ತು.

ಹತ್ತನೇ ತರಗತಿಯ ಮಂಜುಳಾ ಒಂದು ದಿನ ಅಮೀನಗಡದ ಕರದಂಟು ತಂದಳು. ಒಂದು ಚೂರು ಬಾಯಿಗೆ ಹಾಕಿಕೊಂಡು, ‘ಏನವಾ ವಿಶೇಷ?’ ಅಂದೆ.

‘ಗಂಡಿನವರು ತಂದಾರ್ರಿ,’ ಅಂದವಳೇ ಅತ್ತಳು. ಅವಳಿಗೆ ಹದಿನೈದು. ‘ಅಕ್ಕೋರ, ಯಾರ ಮುಂದೂ ಹೇಳಂಗಿಲ್ಲಂತ ಆಣಿ ಮಾಡ್ರಿ.’

ಅಳು ನಿಲ್ಲಲಿ ಎಂದು ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿದೆ. ಅದೇ ನನ್ನ ತಪ್ಪು. ಕಾನ್ಫಿಡೆನ್ಷಿಯಾಲಿಟಿ, ಅಂದರೆ ಮಗು ಹೇಳಿದ್ದನ್ನು ಗುಟ್ಟಾಗಿಡುವುದು, ನಮ್ಮ ವೃತ್ತಿಯ ಮೊದಲ ಪಾಠ. ಮಗುವಿಗೆ ಅಪಾಯವಿದ್ದರೆ ಆ ಗುಟ್ಟು ಉಳಿಯದು, ಅದನ್ನು ಮೊದಲೇ ತಿಳಿಸಬೇಕು ಎಂಬುದು ಎರಡನೆಯದು. ಅದನ್ನು ನಾನು ಹೇಳಿರಲಿಲ್ಲ.

ಹುಡುಗಿಯ ಹೆಸರು ಹೇಳದೆ, ಇಂಥದ್ದನ್ನು ಅಧಿಕಾರಿಗಳಿಗೆ ಬರೆಯಬೇಕಲ್ಲ ಎಂದು ಕೇಳಿದಾಗ ಹೆಡ್‌ಮಾಸ್ತರರು, ‘ಹೊರಗ ಬರಿಯೂದ್ಯಾಕ್ರಿ ಮೇಡಂ? ಮನಿಗೆ ಹೋಗಿ ಬುದ್ಧಿ ಹೇಳಿ, ಚಾ ಕುಡದು ಬರ್ರಿ,’ ಅಂದರು. ನಾನು ಮೊದಲು ಮಂಜುಳಾಳನ್ನು ಕರೆದೆ.

‘ಮಾಡಬಾರದ ಆಣಿ ಮಾಡೇನಿ. ನಿನ್ನ ಬೆನ್ನ ಹಿಂದ ಅಲ್ಲ, ನಿನ್ನ ಮುಂದ ಮುರೀತೇನಿ.’

‘ಹಂಗಾರ ಕರದಂಟು ಯಾಕ ತಿಂದ್ರಿ?’ ಎಂದು ಎದ್ದು ಹೋದಳು.

ಬಾಲ್ಯವಿವಾಹ ತಡೆಯುವ ಅಧಿಕಾರಿಗೆ ಬರೆದುಕೊಟ್ಟೆ. ಅವರು ಶಾಲೆಗೆ ಬಂದು, ಅಜ್ಜಿಯನ್ನು ಕರೆಸಿ, ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಆ ಸಿಟ್ಟಿನಲ್ಲೇ ಅವಳು ಮೇಲಿನ ಮಾತು ಅಂದದ್ದು. ಆಮೇಲೆ ದನಿ ಇಳಿಸಿ, ‘ಅವರಪ್ಪ ಅವ್ವ ಗೋವಾದಾಗ ದುಡೀತಾರ. ವಯಸ್ಸಿಗೆ ಬಂದಾಕಿನ್ನ ನಾ ಒಬ್ಬಾಕಿ ಎಷ್ಟ ದಿನ ಕಾಯಲಿ?’ ಎಂದಳು. ಆ ಅಂಜಿಕೆ ಖರೆ ಇತ್ತು. ಕಾನೂನು ಮದುವೆ ನಿಲ್ಲಿಸಿತು, ಅಂಜಿಕೆಯನ್ನಲ್ಲ. ಅದಕ್ಕೆ ಓಡಾಡಿ ಹಾಸ್ಟೆಲ್ ಸೀಟು ಕೊಡಿಸಿದೆ. ಮಂಜುಳಾ ಪರೀಕ್ಷೆಯವರೆಗೂ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಕೋಣೆಗೆ ಬಂದ ಪ್ರತಿ ಮಗುವಿಗೂ ಮೊದಲೇ ಹೇಳುತ್ತೇನೆ: ನಿನಗೆ ಅಪಾಯ ಕಂಡರೆ ಗುಟ್ಟು ಇಡುವುದಿಲ್ಲ. ಕೆಲವರು ಎದ್ದು ಹೋಗುತ್ತಾರೆ. ಬಹಳ ಮಂದಿ ಕೂರುತ್ತಾರೆ.

ಅಂಕಪಟ್ಟಿ ಕೊಡುವ ದಿನ, ಪಾಸಾಗಿದ್ದ ಮಂಜುಳಾ ಅಜ್ಜಿಯನ್ನೂ ಕರೆತಂದಳು. ನನ್ನ ಕೈಯಿಂದ ಅದನ್ನು ಇಸಿದುಕೊಂಡು ಅಜ್ಜಿಯ ಕೈಗಿಟ್ಟಳು. ಮೊಮ್ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು, ಮುದುಕಿ ನನ್ನತ್ತ ನೋಡಿದಳು.

‘ಅಕ್ಕೋರ, ಇನ್ನ ಮ್ಯಾಲೆ ನನ್ನ ಏನಂತ ಕರೀತೀರಿ?’