ನಾಲ್ಕನೇ ನಂಬರಿನ ತೋಳು

ಅಮೀರ್‌ಪೇಟೆಯ ಗಲ್ಲಿಗಲ್ಲಿಯಲ್ಲೂ ಹುಡುಗರು ಅಮೆರಿಕದ ಆಸೆಗೆ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ಬಾಲಾನಗರದ ಕಾನ್ವೆಂಟಿನ ಸಿಸ್ಟರುಗಳೂ ವಿದೇಶಕ್ಕೆ ಹೋಗುತ್ತಿದ್ದರು, ಆದರೆ ಸದ್ದುಗದ್ದಲವಿಲ್ಲದೆ: ಒಬ್ಬರು ಜರ್ಮನಿಯ ವೃದ್ಧಾಶ್ರಮಕ್ಕೆ, ಇಬ್ಬರು ತಾಂಜಾನಿಯಾದ ದವಾಖಾನೆಗೆ. ಅವರ ನಿಲುವಂಗಿ ಹೊಲಿಯುತ್ತಿದ್ದವಳು ಗುರುದೇವಿ. ಅವಳಿಗೆ ದೇಶಗಳ ಪರಿಚಯ ಬಟ್ಟೆಯಿಂದ. ಕೋಠಿಯ ಬಜಾರಿನಿಂದ ದಪ್ಪ ಬಟ್ಟೆ ಬಂದರೆ ಜರ್ಮನಿ, ತೆಳುವಾದದ್ದು ಬಂದರೆ ಆಫ್ರಿಕಾ. ಹೊಲಿಯುವವಳಿಗೆ ಅಷ್ಟು ಭೂಗೋಳ ಸಾಕು.

ಆಳಂದದ ಕಡೆಯಿಂದ ಬಂದ ಗುರುದೇವಿ ಆರು ವರ್ಷ ಮಾದಾಪುರದ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಿದ್ದಳು. ಸೊಂಟ ಹಿಡಿದುಕೊಂಡಾಗ ಮೇಸ್ತ್ರಿ ನಾಳೆಯಿಂದ ಬರಬೇಡ ಎಂದ. ಆಗ ಅವಳ ಕೈಗೆ ಕತ್ತರಿ ಕೊಟ್ಟವರು ಕಾನ್ವೆಂಟಿನ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಮಂಗಳೂರಿನ ಸಿಸ್ಟರ್ ಸೆವೆರಿನ್. ಎರಡೇ ವರ್ಷಕ್ಕೆ ಶಿಷ್ಯೆ ಒಂದು ವಿಷಯದಲ್ಲಿ ಗುರುವನ್ನು ಮೀರಿಸಿದಳು: ತೋಳು. ತಲೆಯ ಮೇಲೆ ಬುಟ್ಟಿ ಹೊತ್ತವಳಿಗೆ ಕೈ ಎಲ್ಲಿಯವರೆಗೆ ಏಳಬೇಕೆಂದು ಗೊತ್ತು. ಅವಳು ಕತ್ತರಿಸಿದ ತೋಳು ಎಷ್ಟು ಕೈ ಎತ್ತಿದರೂ ಕಂಕುಳಲ್ಲಿ ಬಿಗಿಯುತ್ತಿರಲಿಲ್ಲ. ಸಿಸ್ಟರಿಗೆ ಆ ಹದ ಕೊನೆಗೂ ಕೈಗೆ ಬರಲಿಲ್ಲ.

ಹೀಗಿರುವಾಗ, ತಾಂಜಾನಿಯಾದ ಒಂದು ಹಳ್ಳಿಯಲ್ಲಿ ಹೊಲಿಗೆ ಕ್ಲಾಸು ತೆರೆಯಲು ಸಿಸ್ಟರ್ ಸೆವೆರಿನ್ನರೇ ಹೊರಟರು, ಐವತ್ತೆಂಟನೆಯ ವಯಸ್ಸಿಗೆ. ಗುರುದೇವಿಗೆ ಊಟ ಸೇರಲಿಲ್ಲ. ಹೆತ್ತವ್ವ ಸತ್ತಾಗಲೂ ಅವಳಿಗೆ ಅಷ್ಟು ಸಂಕಟವಾಗಿರಲಿಲ್ಲ. ಅಲ್ಲಿ ಕಲಿಸಲೆಂದು ಸಿಸ್ಟರ್, ರವಿಕೆ ಕತ್ತರಿಸಲು ಅವಳು ಮಾಡಿಕೊಂಡಿದ್ದ ಅಳತೆ ಕಾಗದಗಳನ್ನು ಕೇಳಿದರು. ಖಾಕಿ ಕಾಗದದ ನಾಲ್ಕು ತುಂಡು, ಮೇಲೆ ಕನ್ನಡ ಅಂಕಿ: ೧ ಎದೆ, ೨ ಬೆನ್ನು, ೩ ಕೊರಳು, ೪ ತೋಳು. ಗುರುದೇವಿ ಮೂರನ್ನು ಸುತ್ತಿ ಕಟ್ಟಿಕೊಟ್ಟು, ನಾಲ್ಕನೆಯದನ್ನು ಟ್ರಂಕಿನ ಅಡಿಗೆ ತಳ್ಳಿದಳು. ಅದನ್ನು ಒಯ್ಯಲಿಕ್ಕಾದರೂ ಸಿಸ್ಟರ್ ಹಿಂದಿರುಗಲೇಬೇಕು ಎಂದು ಅವಳ ಎಣಿಕೆ. ಪಾಪ, ಸಮುದ್ರದ ಅಗಲ ಅವಳ ಟೇಪಿಗೆ ಸಿಕ್ಕಿರಲಿಲ್ಲ.

ಮೂರು ತಿಂಗಳಿಗೆ ಪತ್ರ ಬಂತು. ನಾಲ್ಕನೇ ಇಯತ್ತೆಯವರೆಗೆ ಕಲಿತವಳು ಅಕ್ಷರ ಕೂಡಿಸಿ ಓದಿದಳು. ಇಲ್ಲಿಯ ಹೆಂಗಸರು ಮೈಲುಗಟ್ಟಲೆ ತಲೆಯ ಮೇಲೆ ನೀರು ಹೊರುತ್ತಾರೆ, ನಾನು ಕತ್ತರಿಸಿದ ತೋಳು ವಾರಕ್ಕೇ ಕಂಕುಳಲ್ಲಿ ಹರಿಯುತ್ತದೆ, ನಾಲ್ಕನೆಯ ಕಾಗದ ಅಲ್ಲೇ ಎಲ್ಲೋ ಇರಬೇಕು ನೋಡು ಮಾರಾಯ್ತಿ ಎಂದಷ್ಟೇ ಇತ್ತು. ಬೈಗುಳದ ಒಂದು ಮಾತೂ ಇರಲಿಲ್ಲ, ಅದೇ ಅವಳನ್ನು ಚುಚ್ಚಿದ್ದು. ಕಾಣದ ಊರಿನ ಆ ಹೆಂಗಸರು ತನ್ನವರೇ ಅನ್ನಿಸಿತು. ಕಳಿಸಿದರೆ ಸಿಸ್ಟರಿಗೆ ಇಲ್ಲಿಗೆ ಬರಲು ಇನ್ನು ಕಾರಣವೇ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಟ್ರಂಕು ಸರಿಸಿ ಕಾಗದ ತೆಗೆದಳು, ಧೂಳು ಒರೆಸಿದಳು, ಜೊತೆಗೆ ಒಂದು ಚೀಟಿ ಇಟ್ಟಳು:

“ಮರತಿದ್ದಿಲ್ಲರಿ, ನಾನೇ ಮುಚ್ಚಿಟ್ಟಿದ್ದೆ. ಅದನ್ನ ಒಯ್ಯಾಕರ ನೀವು ಬರ್ತೀರಿ ಅಂದ್ಕೊಂಡಿದ್ದೆ.”

ದೀಪಾವಳಿಯ ಹೊತ್ತಿಗೆ ಒಂದು ಫೋಟೊ ಬಂತು. ಬೇಲಿಯ ಪಕ್ಕ ಏಳೆಂಟು ಹೆಂಗಸರು, ತಲೆಯ ಮೇಲೆ ಬಕೆಟ್ಟು, ಎತ್ತಿದ ಕೈ. ಒಬ್ಬರ ತೋಳೂ ಹರಿದಿಲ್ಲ. ಹಿಂದಿನ ಗೋಡೆಗೆ ಅಂಟಿಸಿದ ಕಾಗದದಲ್ಲಿ ಗುರುದೇವಿಯ ಕೈಬರಹದ ೪. ಫೋಟೊದ ಬೆನ್ನಿಗೆ ಸಿಸ್ಟರ್ ಬರೆದಿದ್ದರು:

“ವಿಮಾನ ಹತ್ತುವ ಮೊದಲೇ ಎಣಿಸಿದ್ದೆ, ಮೂರೇ ಇತ್ತು. ಕೇಳಲಿಕ್ಕೆ ತಿರುಗಿ ಬಂದಿದ್ದರೆ ನೀನು ಅಳುತ್ತಿದ್ದಿ. ಮತ್ತೆ ನಾನು ಹೋಗುತ್ತಿರಲಿಲ್ಲ.”

ಗುರುದೇವಿ ಅದನ್ನು ಎರಡು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮಧ್ಯಾಹ್ನ, ಸಿಸ್ಟರ್ ಹೋದ ಮೇಲೆ ತಾನು ನಡೆಸುತ್ತಿದ್ದ ಕ್ಲಾಸಿನಲ್ಲಿ, ಹೊಸಬರಿಗೆ ಪಾಠವನ್ನು ತೋಳಿನಿಂದಲೇ ಶುರುಮಾಡಿದಳು.